ಅಷ್ಟು ಜೋರಾಗಿ ಕೂಗುವವರಿಗೆ ಸ್ವಾತಂತ್ರ್ಯ ಇಲ್ವಾ?

ಪ್ರಶ್ನೆ: ಮಾದಾಪುರದ ಹತ್ತಿರ ನಮ್ಮದೊಂದು ಸಣ್ಣ ಕಾಫಿ ತೋಟ. ಜೊತೆಗೆ ಮೂರು ರೂಮಿನ ಹೋಮ್‌ಸ್ಟೇ ನಡೆಸುತ್ತೇವೆ. ನಾಲ್ಕು ದಿನದ ಹಿಂದೆ ಮಳೆ ಜೋರಾದಾಗ ಒಂದು ಸುದ್ದಿ ಚಾನೆಲ್ ‘ಕೊಡಗು ಮತ್ತೆ ಕುಸಿಯಿತು’ ಅಂತ ಇಡೀ ಮಧ್ಯಾಹ್ನ ಕೂಗಿತು. ತೋರಿಸಿದ್ದೆಲ್ಲ 2018ರ ದೃಶ್ಯ. ಸಂಜೆಯೊಳಗೆ ನಮ್ಮ ನಾಲ್ಕು ಬುಕಿಂಗ್ ಕ್ಯಾನ್ಸಲ್ ಆದವು. ನಮ್ಮ ತಂದೆಯವರು ‘ಪೇಪರಲ್ಲಿ ಬಂದರೆ ಮಾತ್ರ ನಂಬು’ ಅನ್ನುತ್ತಾರೆ. ಮಗ ‘ಎಲ್ಲ ಮಾಧ್ಯಮವೂ ಮಾರಿಕೊಂಡಿದೆ, ಪತ್ರಿಕಾ ಸ್ವಾತಂತ್ರ್ಯದಲ್ಲಿ ನಾವು 151ನೇ ಸ್ಥಾನ’ ಅನ್ನುತ್ತಾನೆ. ನನಗೆ ಅರ್ಥವಾಗದ್ದು ಇಷ್ಟೇ. ಸ್ವಾತಂತ್ರ್ಯವೇ ಇಲ್ಲ ಅಂದರೆ ಇವರು ಬಾಯಿಗೆ ಬಂದಂತೆ ಕೂಗುವುದು ಹೇಗೆ? ಜನ ಮಾಧ್ಯಮವನ್ನು ನಂಬುತ್ತಾರಾ ಇಲ್ವಾ ಅನ್ನೋದಕ್ಕೆ ಸರಿಯಾದ ಲೆಕ್ಕ ಇದೆಯಾ? ಆ ಚಾನೆಲ್ ವಿಷಯದಲ್ಲಿ ನಾವು ಏನಾದರೂ ಮಾಡಬಹುದಾ?
ಒಬ್ಬ ಓದುಗರು, ಸೋಮವಾರಪೇಟೆ ತಾಲ್ಲೂಕು

ಉತ್ತರ: ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ, ಅದಕ್ಕೆ ಗಡುವಿದೆ. ಸುದ್ದಿ ಚಾನೆಲ್‌ಗಳೇ ಸೇರಿ ಕಟ್ಟಿಕೊಂಡ ಎನ್‌ಬಿಡಿಎಸ್‌ಎ ಎಂಬ ಸ್ವನಿಯಂತ್ರಣ ಪ್ರಾಧಿಕಾರ ಇದೆ. ಅದರ ನಿಯಮದಂತೆ ಪ್ರಸಾರವಾದ 7 ದಿನದೊಳಗೆ ಮೊದಲು ಚಾನೆಲ್‌ಗೇ ದೂರು ಬರೆಯಬೇಕು. ಉತ್ತರ ಸಮಾಧಾನ ತರದಿದ್ದರೆ ಪ್ರಾಧಿಕಾರಕ್ಕೆ. ನಾಲ್ಕು ದಿನ ಆಗಲೇ ಕಳೆದಿದೆ, ಹಾಗಾಗಿ ಇವತ್ತೇ ಬರೆಯಿರಿ. ಈ ಸಂಸ್ಥೆಗೆ ಸೇರಲೇಬೇಕು ಅಂತ ಕಡ್ಡಾಯ ಇಲ್ಲ, ನಿಮ್ಮ ಚಾನೆಲ್ ಅದರ ಸದಸ್ಯ ಅಲ್ಲದೆಯೂ ಇರಬಹುದು. ಆದರೂ ದಾರಿ ಇದೆ. ಕೇಬಲ್ ಟಿವಿ ನಿಯಮಗಳಿಗೆ 2021ರಲ್ಲಿ ಆದ ತಿದ್ದುಪಡಿಯಂತೆ, ವೀಕ್ಷಕರ ದೂರು ಬಂದರೆ ಚಾನೆಲ್ 24 ಗಂಟೆಯೊಳಗೆ ಸ್ವೀಕೃತಿ ಕೊಡಬೇಕು, 15 ದಿನದೊಳಗೆ ತೀರ್ಮಾನ ತಿಳಿಸಬೇಕು. ಪ್ರಸಾರ ಆದದ್ದರ ರೆಕಾರ್ಡಿಂಗನ್ನು ಚಾನೆಲ್‌ನವರು 90 ದಿನ ಉಳಿಸಿಕೊಂಡಿರಬೇಕು. ‘ನಾವು ಅಂಥದ್ದು ಹಾಕೇ ಇಲ್ಲ’ ಅಂತ ಜಾರಿಕೊಳ್ಳುವಂತಿಲ್ಲ.

ದೂರಿನಲ್ಲಿ ಬುಕಿಂಗ್ ಹೋದ ಸಂಕಟವನ್ನು ಮೊದಲ ಸಾಲಿಗೆ ತರಬೇಡಿ. ನಷ್ಟ ನಿಜ, ಆದರೆ ದೂರಿನ ತಿರುಳು ಅದಲ್ಲ. ಯಾವ ದಿನ, ಎಷ್ಟು ಗಂಟೆಗೆ, ಯಾವ ದೃಶ್ಯ, ಅದು 2018ರದ್ದು ಅನ್ನೋದಕ್ಕೆ ಏನು ಸಾಕ್ಷಿ, ತೆರೆಯ ಮೇಲೆ ‘ಹಳೆಯ ದೃಶ್ಯ’ ಅಂತ ಹಾಕಿತ್ತೋ ಇಲ್ಲವೋ. ಇಷ್ಟನ್ನೇ ಬಿಡಿಸಿ ಬರೆಯಿರಿ. ಫಲ ಏನು ಸಿಗುತ್ತೆ? ಬಹುಶಃ ಒಂದು ವಿಷಾದದ ಪಟ್ಟಿ ತೆರೆಯ ಕೆಳಗೆ ಓಡಬಹುದು. ಹೋದ ಬುಕಿಂಗ್ ವಾಪಸ್ ಬರಲ್ಲ. ಆದರೆ ಮುಂದಿನ ಮಳೆಗಾಲದಲ್ಲಿ ಅದೇ ಡೆಸ್ಕಿನಲ್ಲಿ ಕೂತ ಹುಡುಗ ಹಳೇ ಫೈಲಿಗೆ ಕೈ ಹಾಕುವ ಮೊದಲು ಒಂದು ಸಲ ಯೋಚಿಸುತ್ತಾನೆ. ನಾನು ಡೆಸ್ಕಿನಲ್ಲಿ ವರ್ಷಗಟ್ಟಲೆ ಕೂತವನು. ದೂರಿನ ಕಾಗದಕ್ಕೆ ಎಷ್ಟು ಹೆದರುತ್ತಿದ್ದೆವು ಅಂತ ಗೊತ್ತಿದೆ.

(ತಂದೆಯವರ ಪೇಪರಿನ ಮೇಲೆ ಎಂದಾದರೂ ಸಿಟ್ಟು ಬಂದರೆ ಅದಕ್ಕೆ ದಾರಿ ಬೇರೆ. ಮೊದಲು ಸಂಪಾದಕರಿಗೆ ಬರೆದು, ನಂತರ ಭಾರತೀಯ ಪತ್ರಿಕಾ ಮಂಡಳಿಗೆ ಹೋಗಬೇಕು. ದಿನಪತ್ರಿಕೆ, ವಾರಪತ್ರಿಕೆ ಆದರೆ ಎರಡು ತಿಂಗಳೊಳಗೆ. ಮಂಡಳಿ ಎಚ್ಚರಿಸಬಹುದು, ಛೀಮಾರಿ ಹಾಕಬಹುದು. ದಂಡ ಹಾಕುವ ಅಧಿಕಾರ ಅದಕ್ಕಿಲ್ಲ. ಟಿವಿ ಅದರ ವ್ಯಾಪ್ತಿಗೇ ಬರುವುದಿಲ್ಲ.)

ಈಗ ನಿಮ್ಮ ಮುಖ್ಯ ಪ್ರಶ್ನೆ. ಇದನ್ನು ಇಷ್ಟು ನೇರವಾಗಿ ಯಾರೂ ಕೇಳಿರಲಿಲ್ಲ. ಸ್ವಾತಂತ್ರ್ಯ ಇಲ್ಲದಿದ್ದರೆ ಕೂಗುವುದು ಹೇಗೆ?

ಕೂಗುವ ಸ್ವಾತಂತ್ರ್ಯ ಬೇರೆ, ಪ್ರಶ್ನೆ ಕೇಳುವ ಸ್ವಾತಂತ್ರ್ಯ ಬೇರೆ. ‘ಕೊಡಗು ಕುಸಿಯಿತು’ ಅಂತ ನಾಲ್ಕು ಗಂಟೆ ಕೂಗಿದರೆ ಯಾರು ಕೇಸು ಹಾಕುತ್ತಾರೆ? ಮಳೆ ಲಾಯರ್ ನೋಟಿಸ್ ಕಳಿಸಲ್ಲ. ಬೆಟ್ಟ ಕೋರ್ಟಿಗೆ ಹೋಗಲ್ಲ. ಅದೇ ಚಾನೆಲ್ಲಿನ ನಮ್ಮೂರ ವರದಿಗಾರ, ‘ಹೋದ ಬೇಸಿಗೆಯಲ್ಲಿ ಕಟ್ಟಿದ ತಡೆಗೋಡೆ ಮೊದಲ ಮಳೆಗೇ ಬಿರುಕು ಬಿಟ್ಟಿದೆ, ಬಿಲ್ ಎಷ್ಟಾಯಿತು, ಸಹಿ ಹಾಕಿದವರು ಯಾರು’ ಅಂತ ಒಂದೂವರೆ ನಿಮಿಷದ ವರದಿ ಮಾಡಲಿ ನೋಡೋಣ. ಮಾರನೇ ದಿನ ಬೆಳಿಗ್ಗೆ ಗುತ್ತಿಗೆದಾರರ ಕಡೆಯವರ ಫೋನ್ ಬರುತ್ತದೆ. ಮಧ್ಯಾಹ್ನ ರಾಜಕೀಯದವರ ಫೋನ್. ಸಂಜೆ ಸ್ವಂತ ಆಫೀಸಿನ ಜಾಹೀರಾತು ವಿಭಾಗದ ಫೋನ್. ಮೂರನೆಯದ್ದೇ ಎಲ್ಲಕ್ಕಿಂತ ಜಾಸ್ತಿ ಕೆಲಸ ಮಾಡುವುದು.

ಕಾನೂನಿನ ಭಯವೂ ಸುಮ್ನೆ ಅಲ್ಲ. ನಮ್ಮಲ್ಲಿ ಮಾನಹಾನಿ ಇನ್ನೂ ಕ್ರಿಮಿನಲ್ ಅಪರಾಧ. ಹಳೆಯ ದಂಡ ಸಂಹಿತೆಯಲ್ಲಿ 499, 500 ಅಂತ ಇದ್ದದ್ದು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 356 ಆಗಿದೆ. ಎರಡು ವರ್ಷದವರೆಗೆ ಸಜೆ ಆಗಬಹುದು. ಸಜೆ ಆಗುವುದು ಅಪರೂಪ ಅನ್ನಿ. ಅಲೆದಾಟವೇ ಶಿಕ್ಷೆ. ತಿಂಗಳಿಗೊಂದು ವಾಯಿದೆ, ರಜೆ, ಬಸ್ ಚಾರ್ಜು, ವಕೀಲರ ಫೀಸು. ದೊಡ್ಡ ಸಂಸ್ಥೆಗೆ ಕಾನೂನು ವಿಭಾಗ ಇರುತ್ತದೆ. ಸುದ್ದಿಗೆ ಇಷ್ಟು ಅಂತ ಲೆಕ್ಕ ಹಾಕಿ ಸಂಭಾವನೆ ಪಡೆಯುವ ಬಿಡಿ ಸುದ್ದಿಗಾರನಿಗೆ ಏನಿರುತ್ತದೆ? ಎಷ್ಟೋ ಜನರಿಗೆ ನೇಮಕಾತಿ ಪತ್ರವೂ ಇಲ್ಲ.

ಇನ್ನೊಂದು ಹತ್ಯಾರ ಕೋರ್ಟಿನ ತಡೆಯಾಜ್ಞೆ. 2021ರ ಮಾರ್ಚಿನಲ್ಲಿ ಒಂದು ಸಿಡಿ ಪ್ರಕರಣದ ಬೆನ್ನಿಗೆ ರಾಜ್ಯದ ಆರು ಸಚಿವರು ಬೆಂಗಳೂರಿನ ಸಿವಿಲ್ ಕೋರ್ಟಿಗೆ ಹೋದರು. 60ಕ್ಕೂ ಹೆಚ್ಚು ಮಾಧ್ಯಮ ಸಂಸ್ಥೆಗಳ ಮೇಲೆ ತಡೆ ತಂದರು. ತಮ್ಮ ಮೇಲೆ ಇನ್ನೂ ಬಾರದ ಸುದ್ದಿಗೆ ಮುಂಚಿತವಾಗಿಯೇ ಬಾಗಿಲು ಹಾಕಿಸಿದ ಹಾಗೆ. ಎದುರು ಕಡೆಯವರ ಮಾತು ಕೇಳದೆ ಇಂಥ ತಡೆ ಕೊಡುವ ಮೊದಲು ತುಂಬ ಯೋಚಿಸಬೇಕು ಅಂತ ಸುಪ್ರೀಂ ಕೋರ್ಟ್ 2024ರ ಮಾರ್ಚಿನಲ್ಲಿ ಒಂದು ಪ್ರಕರಣದಲ್ಲಿ ಹೇಳಿದೆ. ಕೆಳಗಿನ ಕೋರ್ಟುಗಳಿಗೆ ಅದು ಎಷ್ಟು ಮುಟ್ಟಿದೆ ಅನ್ನೋದು ಬೇರೆ ಮಾತು.

2017ರ ಜೂನ್ ನೆನಪಿದೆಯಾ? ಶಾಸಕರ ಹಕ್ಕುಚ್ಯುತಿ ಆಯಿತು ಅಂತ ನಮ್ಮ ವಿಧಾನಸಭೆ ಇಬ್ಬರು ಪತ್ರಿಕೆಯವರಿಗೆ ಒಂದು ವರ್ಷ ಜೈಲು, 10,000 ರೂಪಾಯಿ ದಂಡ ಅಂತ ತೀರ್ಮಾನ ಮಾಡಿತು. ಆರೋಪ ಮಾಡಿದವರು ಶಾಸಕರು, ವಿಚಾರಿಸಿದವರು ಶಾಸಕರು, ಶಿಕ್ಷೆ ಹೇಳಿದವರೂ ಶಾಸಕರು. ಆಗ ಮಡಿಕೇರಿಯ ಒಂದು ಹೋಟೆಲಿನಲ್ಲಿ ಕಾಫಿ ಕುಡಿಯುತ್ತಾ ಒಬ್ಬ ಗೆಳೆಯರು, ‘ಅವು ಹಳದಿ ಪತ್ರಿಕೆಗಳು ಮಾರಾಯ, ಆಗಲಿ ಬಿಡು’ ಅಂದರು. ನಾನು ಒಪ್ಪಲಿಲ್ಲ. ನನಗೂ ಆ ಪತ್ರಿಕೆಗಳ ಬರವಣಿಗೆ ಹಿಡಿಸುತ್ತಿರಲಿಲ್ಲ, ಆ ಮಾತು ಬೇರೆ. ಹಿಡಿಸದವರ ವಿರುದ್ಧ ಬಳಸಿದ ಕತ್ತಿಯನ್ನು ಆಮೇಲೆ ಒರೆಯಲ್ಲಿ ಇಡುತ್ತಾರೆ ಅಂತ ಯಾವ ಭರವಸೆ?

ಹಾಗಾದರೆ ಕೂಗು ಯಾಕೆ? ದೇಶದಲ್ಲಿ ಟಿವಿ ಇರುವ ಮನೆಗಳು 20 ಕೋಟಿಗೂ ಹೆಚ್ಚು. ಯಾರು ಏನು ನೋಡುತ್ತಾರೆ ಅಂತ ಅಳೆಯುವ ಮೀಟರ್ ಇರುವುದು ಐವತ್ತು ಚಿಲ್ಲರೆ ಸಾವಿರ ಮನೆಗಳಲ್ಲಿ. ಆ ಮನೆಗಳಲ್ಲಿ ರಿಮೋಟ್ ಹಿಡಿದ ಕೈ ಒಂದು ಕ್ಷಣ ನಿಂತರೆ ಟಿಆರ್‌ಪಿ. ಟಿಆರ್‌ಪಿ ಬಂದರೆ ಜಾಹೀರಾತು. ಈ ಲೆಕ್ಕದಲ್ಲೇ ಕೈಚಳಕ ನಡೆದಿದೆ ಅನ್ನುವ ಆರೋಪ ಬಂದು, 2020ರ ಅಕ್ಟೋಬರಿನಿಂದ 2022ರ ಮಾರ್ಚ್‌ವರೆಗೆ ಸುದ್ದಿ ಚಾನೆಲ್‌ಗಳ ಟಿಆರ್‌ಪಿ ಪ್ರಕಟಣೆಯನ್ನೇ ನಿಲ್ಲಿಸಿದ್ದರು. ಆಗಲಾದರೂ ಕೂಗು ಕಮ್ಮಿ ಆಗುತ್ತೆ ಅಂದುಕೊಂಡಿದ್ದೆ. ಆಗಲಿಲ್ಲ. ಚಟ ಹತ್ತಿಬಿಟ್ಟಿತ್ತು. ಮಾದಾಪುರಕ್ಕೆ ಒಬ್ಬ ವರದಿಗಾರನನ್ನೂ ಕ್ಯಾಮೆರಾದವನನ್ನೂ ಕಳಿಸಿ, ಒಂದು ದಿನ ಇರಿಸಿ, ಸುದ್ದಿ ತರಿಸುವುದಕ್ಕೆ ದುಡ್ಡು ಬೇಕು. ಸ್ಟುಡಿಯೋದಲ್ಲಿ ಹಳೇ ದೃಶ್ಯದ ಮೇಲೆ ಕೆಂಪು ಅಕ್ಷರ ಹಾಕಿ ಕೂಗುವುದು ಬಿಟ್ಟಿ. ಕೆಲವು ಚಾನೆಲ್‌ಗಳ ಒಡೆತನ ರಾಜಕಾರಣಿಗಳ ಇಲ್ಲವೇ ಅವರ ಮನೆಯವರ ಕೈಯಲ್ಲಿದೆ ಅನ್ನೋದು ನಿಮಗೂ ಗೊತ್ತು. ಅಂಥ ಕಡೆ ಮಳೆಯ ಮೇಲೆ ಕೂಗುವುದಕ್ಕಿಂತ ಕ್ಷೇಮವಾದ ಸುದ್ದಿ ಇನ್ನೊಂದಿಲ್ಲ.

ಮಗ ಹೇಳಿದ 151ಕ್ಕೆ ಬರೋಣ. ಅಂಕಿ ಸರಿ, 2025ರ ಪಟ್ಟಿಯದ್ದು. ‘ರಿಪೋರ್ಟರ್ಸ್ ವಿದೌಟ್ ಬಾರ್ಡರ್ಸ್’ ಎಂಬ ಪ್ಯಾರಿಸ್ಸಿನ ಸಂಸ್ಥೆ 180 ದೇಶಗಳ ಪಟ್ಟಿ ಮಾಡುತ್ತದೆ. ಭಾರತ 2023ರಲ್ಲಿ 161, 2024ರಲ್ಲಿ 159, 2025ರಲ್ಲಿ 151. ಆದರೆ ಇದು ಜನಾಭಿಪ್ರಾಯ ಅಲ್ಲ. ನಿಮ್ಮನ್ನೂ ಕೇಳಿಲ್ಲ, ನಿಮ್ಮ ಮಗನನ್ನೂ ಕೇಳಿಲ್ಲ. ಪತ್ರಕರ್ತರು, ಸಂಶೋಧಕರು, ಮಾನವ ಹಕ್ಕು ಕೆಲಸಗಾರರು ತುಂಬಿದ ಪ್ರಶ್ನಾವಳಿ ಒಂದು ಕಡೆ. ಎಷ್ಟು ಜನ ಪತ್ರಕರ್ತರ ಹತ್ಯೆ ಆಯಿತು, ಎಷ್ಟು ಜನ ಜೈಲಿಗೆ ಹೋದರು ಎಂಬ ಎಣಿಕೆ ಇನ್ನೊಂದು ಕಡೆ. ರಾಜಕೀಯ, ಆರ್ಥಿಕ, ಕಾನೂನು, ಸಾಮಾಜಿಕ, ಸುರಕ್ಷತೆ ಅಂತ ಐದು ಬಾಬ್ತಿನಲ್ಲಿ ಅಂಕ ಕೊಡುತ್ತಾರೆ. ಕೇಂದ್ರ ಸರ್ಕಾರ ಈ ವಿಧಾನವನ್ನೇ ಒಪ್ಪುವುದಿಲ್ಲ.

ನನ್ನ ಅಭಿಪ್ರಾಯ ಕೇಳಿದರೆ, ಸ್ಥಾನವನ್ನು ಹಿಡಿದುಕೊಂಡು ಜಗಳ ಆಡುವುದು ದಂಡ. 2023ರ ಪಟ್ಟಿಯಲ್ಲಿ ತಾಲಿಬಾನ್ ಆಳುವ ಅಫ್ಘಾನಿಸ್ತಾನ 152ರಲ್ಲಿ, ನಾವು 161ರಲ್ಲಿ. ಮರುವರ್ಷ ಅದೇ ಅಫ್ಘಾನಿಸ್ತಾನ 178ಕ್ಕೆ ಬಿತ್ತು. ಇಂಥ ತಕ್ಕಡಿಯಲ್ಲಿ ಒಂದೆರಡು ಸ್ಥಾನ ಮೇಲೆ ಕೆಳಗೆ ಆದದ್ದಕ್ಕೆ ಅರ್ಥ ಹುಡುಕಬಾರದು. ಹಾಗಂತ ಪಟ್ಟಿ ಬರೀ ಸುಳ್ಳು ಅನ್ನುವವರ ಜೊತೆಗೂ ನಾನಿಲ್ಲ. 2017ರ ಸೆಪ್ಟೆಂಬರ್ 5ರ ರಾತ್ರಿ ಬೆಂಗಳೂರಿನಲ್ಲಿ ಗೌರಿ ಲಂಕೇಶರನ್ನು ಅವರ ಮನೆ ಬಾಗಿಲಲ್ಲೇ ಗುಂಡಿಟ್ಟು ಕೊಂದದ್ದನ್ನು ಯಾವ ವಿಧಾನದಲ್ಲಿ ಎಣಿಸಿದರೂ ಒಂದು ಅಂತಲೇ ಬರುತ್ತದೆ.

ಜನರ ನಂಬಿಕೆಯ ಲೆಕ್ಕ ಬೇರೆ ಕಡೆ ಸಿಗುತ್ತದೆ. ಅಲ್ಲಿ ಇನ್ನೊಂದು ತಮಾಷೆ. ಆಕ್ಸ್‌ಫರ್ಡಿನ ರಾಯಿಟರ್ಸ್ ಇನ್‌ಸ್ಟಿಟ್ಯೂಟ್ ವರ್ಷಕ್ಕೊಮ್ಮೆ ಕೊಡುವ ವರದಿಯಲ್ಲಿ, ಸುದ್ದಿಯನ್ನು ಬಹುಪಾಲು ನಂಬುತ್ತೇನೆ ಅಂದ ಭಾರತೀಯರು 2023ರಲ್ಲಿ ನೂರಕ್ಕೆ 38, 2024ರಲ್ಲಿ 41. ಅಮೆರಿಕದ ಎಡೆಲ್ಮನ್ ಅನ್ನುವ ಸಂಸ್ಥೆಯ ಸಮೀಕ್ಷೆಯಲ್ಲಿ ಮಾಧ್ಯಮವನ್ನು ನಂಬುವ ಭಾರತೀಯರು ಆ ವರ್ಷಗಳಲ್ಲೂ ನೂರಕ್ಕೆ 60ರ ಮೇಲೆ. ಒಂದೇ ದೇಶ, ಒಂದೇ ಕಾಲ. ಯಾವುದು ಸುಳ್ಳು? ಎರಡೂ ಅಲ್ಲ. ಕೇಳಿದ ಪ್ರಶ್ನೆ ಬೇರೆ, ಉತ್ತರ ಕೊಟ್ಟವರು ಬೇರೆ. ರಾಯಿಟರ್ಸ್‌ನವರು ಮಾತಾಡಿಸುವುದು ಹೆಚ್ಚಾಗಿ ಇಂಗ್ಲಿಷ್ ಬಲ್ಲ, ಇಂಟರ್‌ನೆಟ್‌ನಲ್ಲಿ ಸುದ್ದಿ ಓದುವ ಜನರನ್ನು. ಇಡೀ ದೇಶಕ್ಕೆ ಇದನ್ನು ಅನ್ವಯಿಸಬೇಡಿ ಅಂತ ಅವರೇ ಬರೆಯುತ್ತಾರೆ. ಆ ಸಾಲು ಮಾತ್ರ ಪೇಪರಿನ ಹೆಡ್ಡಿಂಗಿಗೆ ಬರಲ್ಲ. ಎರಡರಲ್ಲೂ ನಿಮ್ಮ ತಂದೆಯವರು ಇಲ್ಲ. ತೋಟದ ಲೈನ್ ಮನೆಗಳಲ್ಲಿ ಇರುವ ಕಾರ್ಮಿಕರೂ ಇಲ್ಲ. ಹಾಗಾಗಿ ಯಾರಾದರೂ ‘ಇಷ್ಟು ಪರ್ಸೆಂಟ್ ಜನ ಮಾಧ್ಯಮ ನಂಬಲ್ಲ’ ಅಂದರೆ ಮೊದಲು ಕೇಳಬೇಕಾದದ್ದು ಒಂದೇ: ಯಾರನ್ನು ಕೇಳಿದ್ರಿ?

ನಮ್ಮ ಜಿಲ್ಲೆಯ ಜನ ಹೇಗೆ ನಂಬುತ್ತಾರೆ ಅಂತ ನಾನು ಕಂಡದ್ದನ್ನು ಹೇಳುತ್ತೇನೆ, ಇದಕ್ಕೆ ಪರ್ಸೆಂಟ್ ಇಲ್ಲ. 2011ರ ಜನಗಣತಿಯಲ್ಲಿ ಕೊಡಗಿನ ಜನಸಂಖ್ಯೆ 5,54,519. ರಾಜ್ಯದಲ್ಲೇ ಚಿಕ್ಕದು. ಇಲ್ಲಿ ಸುದ್ದಿಗೆ ಮುಖ ಇರುತ್ತದೆ. ಯಾರು ಬರೆದದ್ದು, ಯಾರ ಮಗ, ಯಾವ ಊರು ಅಂತ ಗೊತ್ತಿರುತ್ತದೆ. ಕಕ್ಕಡ ತಿಂಗಳ ಗಾಳಿಮಳೆಗೆ ಮರ ಬಿದ್ದು ಕರೆಂಟ್ ಹೋದರೆ ಮೂರು ನಾಲ್ಕು ದಿನ ಟಿವಿಯೇ ಇಲ್ಲ. ಟವರ್ ಡೀಸೆಲ್ ಮುಗಿದರೆ ವಾಟ್ಸಾಪೂ ಇಲ್ಲ. ಆಗ ಉಳಿಯುವುದು ಬ್ಯಾಟರಿ ರೇಡಿಯೋ, ಆಕಾಶವಾಣಿ ಮಡಿಕೇರಿಯ 103.1. ಮಾರನೇ ದಿನ ರಸ್ತೆ ತೆರೆದಿದ್ದರೆ ಪೇಪರ್ ಕಟ್ಟು. 2022ರ ಜೂನ್ ಕೊನೆಯಲ್ಲಿ ಚೆಂಬು, ಸಂಪಾಜೆ ಕಡೆ ನೆಲ ನಡುಗಿದಾಗಲೂ ಹಾಗೇ ಆಯಿತು. ಜನ ಮೊದಲು ಫೋನ್ ಮಾಡಿದ್ದು ನೆಂಟರಿಗೆ, ‘ನಿಮ್ಮಲ್ಲೂ ಪಾತ್ರೆ ಅಲ್ಲಾಡಿತಾ?’ ಅಂತ. ಆಮೇಲೆ ಕಾದದ್ದು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಕೊಡುವ ಅಂಕಿಗೆ. ಚಾನೆಲ್ ಹಾಕಿದ್ದು ಇವೆರಡರ ನಡುವೆ, ಹೊತ್ತು ಕಳೆಯುವುದಕ್ಕೆ.

ಹಾಗಾಗಿ ‘ಪೇಪರಲ್ಲಿ ಬಂದರೆ ಮಾತ್ರ’ ಅನ್ನುವ ನಿಮ್ಮ ತಂದೆಯವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಪೇಪರಿಗೆ ಒಂದು ರಾತ್ರಿಯ ಬಿಡುವು ಸಿಗುತ್ತದೆ. ಆ ರಾತ್ರಿಯಲ್ಲಿ ಯಾರಾದರೂ ಒಬ್ಬರು ಇನ್ನೊಂದು ಫೋನ್ ಮಾಡುತ್ತಾರೆ. ಯಾವಾಗಲೂ ಮಾಡುವುದಿಲ್ಲ ಅನ್ನೋದಕ್ಕೆ ನಾನೇ ಸಾಕ್ಷಿ.

ಬಹಳ ವರ್ಷದ ಹಿಂದಿನ ಮಾತು. ರಾತ್ರಿ ಹತ್ತೂವರೆ, ಹೊರಗೆ ಧೋ ಅಂತ ಮಳೆ. ಪುಟ ಮುಚ್ಚುವ ಹೊತ್ತಿಗೆ ಒಂದು ಫೋನ್ ಬಂತು. ಗರಗರ ಸದ್ದಿನ ನಡುವೆ ‘ಬೆಟ್ಟಗೇರಿಯಲ್ಲಿ ಬರೆ ಕುಸಿದು ಮನೆ ಹೋಗಿದೆ’ ಅಂತ ಕೇಳಿಸಿತು. ಮತ್ತೆ ಮಾಡಿದರೆ ಲೈನ್ ಸತ್ತಿತ್ತು. ನಾನು ಬೆಟ್ಟಗೇರಿ ಅಂತಲೇ ಹಾಕಿದೆ. ಬೆಳಿಗ್ಗೆ ಆರೂವರೆಗೆ ಬೆಟ್ಟಗೇರಿಯಿಂದ ಒಬ್ಬ ಹಿರಿಯರು ಫೋನ್ ಮಾಡಿದರು. ಬೈಯಲಿಲ್ಲ. ‘ನಮ್ಮಲ್ಲಿ ಏನೂ ಆಗಿಲ್ಲಪ್ಪ, ಬೆಂಗಳೂರಿಂದ ಮಕ್ಕಳು ಅಳುತ್ತಾ ಫೋನ್ ಮಾಡ್ತಿದ್ದಾರೆ’ ಅಂದರು. ಕುಸಿದದ್ದು ಹೆಬ್ಬೆಟ್ಟಗೇರಿಯಲ್ಲಿ. ಬೆಟ್ಟಗೇರಿ ನಾಪೋಕ್ಲು ಕಡೆ, ಹೆಬ್ಬೆಟ್ಟಗೇರಿ ಮಡಿಕೇರಿಯ ಇನ್ನೊಂದು ಮಗ್ಗುಲು. ಮಳೆ ನುಂಗಿದ್ದು ಒಂದೇ ಅಕ್ಷರ, ‘ಹೆ’. ಮಾರನೇ ದಿನ ಮುಖಪುಟದಲ್ಲೇ ಚೌಕಟ್ಟು ಕಟ್ಟಿ ತಿದ್ದುಪಡಿ ಹಾಕಿದೆವು. ಒಳಪುಟದ ಮೂಲೆಯಲ್ಲಿ ಸಾಕು ಅಂತ ಒಬ್ಬರು ಅಂದಿದ್ದರು. ತಪ್ಪು ಮುಖಪುಟದಲ್ಲಿ ಬಂದಿದೆ, ತಿದ್ದುಪಡಿಯೂ ಅಲ್ಲೇ ಬರಲಿ ಅಂತ ನಾನು ಹಠ ಹಿಡಿದೆ. ಆ ಹಿರಿಯರು ಎಷ್ಟೋ ವರ್ಷ ನನಗೆ ಮಳೆ ಸುದ್ದಿ ಕೊಡುತ್ತಿದ್ದರು. ಮಾತಿನ ಕೊನೆಗೆ ತಪ್ಪದೆ, ‘ಬೆಟ್ಟಗೇರಿ, ಬರೀ ಬೆಟ್ಟಗೇರಿ’ ಅಂತ ಎರಡು ಸಲ ಹೇಳುತ್ತಿದ್ದರು.

ಒಂದು ಪತ್ರಿಕೆಯನ್ನೋ ಚಾನೆಲ್ಲನ್ನೋ ನಂಬಬಹುದಾ ಅಂತ ಯಾರಾದರೂ ಕೇಳಿದರೆ ನಾನು ನೋಡುವುದು ಇದನ್ನೇ. ಕಳೆದ ಒಂದು ವರ್ಷದಲ್ಲಿ ಅವರು ಎಷ್ಟು ತಿದ್ದುಪಡಿ ಹಾಕಿದ್ದಾರೆ? ಒಂದೂ ಇಲ್ಲ ಅಂದರೆ ತಪ್ಪೇ ಮಾಡಿಲ್ಲ ಅಂತ ಅರ್ಥ ಅಲ್ಲ. ನೀವು ದೂರು ಕಳಿಸಿ ಕಾಯಬೇಕಾದದ್ದೂ ಇದಕ್ಕೇ.

ಸ್ಥಳೀಯ ಪತ್ರಿಕೆ ಅಂದಾಕ್ಷಣ ಎಲ್ಲ ಒಳ್ಳೆಯದು ಅಂತಲೂ ನಾನು ಹೇಳಲಾರೆ. ಹತ್ತಿರ ಇರುವುದೇ ಅದರ ಬಲ, ಅದೇ ಅದರ ಸಂಕಟ. ಕೊಡಗಿನವರಿಗೆ 1957ರಲ್ಲಿ ಶುರುವಾದ ‘ಶಕ್ತಿ’ ದಿನಪತ್ರಿಕೆ ಬೆಳಗಿನ ಅಭ್ಯಾಸ. ಯಾರು ತೀರಿಕೊಂಡರು, ಎಲ್ಲಿ ಆನೆ ಬಂತು, ಎಲ್ಲಿ ಬಸ್ ನಿಂತಿತು ಅನ್ನುವುದು ಬೆಂಗಳೂರಿನ ಪತ್ರಿಕೆಯಲ್ಲಿ ಸಿಗುವುದಿಲ್ಲ. ಆದರೆ ಯಾವ ಸಣ್ಣ ಜಿಲ್ಲೆಯಲ್ಲೇ ಆಗಲಿ, ಜಾಹೀರಾತು ಕೊಡುವವರು ಬೆರಳೆಣಿಕೆಯಷ್ಟು ಜನ. ಸ್ವಾತಂತ್ರ್ಯ ದಿನದ ಪುರವಣಿಗೆ ಶುಭಾಶಯ ಕೊಟ್ಟ ಗುತ್ತಿಗೆದಾರರೇ ತಡೆಗೋಡೆಯನ್ನೂ ಕಟ್ಟಿರುತ್ತಾರೆ. ಪುರವಣಿಗೆ ಜಾಹೀರಾತು ಸಂಗ್ರಹಿಸುವ ಕೆಲಸ ಎಷ್ಟೋ ಕಡೆ ವರದಿಗಾರನ ತಲೆಗೇ ಬೀಳುತ್ತದೆ. ಬೆಳಿಗ್ಗೆ ಅವರ ಹತ್ತಿರ ಚೆಕ್ ಕೇಳಿದವನು ಮಧ್ಯಾಹ್ನ ಗೋಡೆಯ ಬಿರುಕಿನ ಫೋಟೊ ತೆಗೆಯಬೇಕು. ಜನ ಅತಿ ಹೆಚ್ಚು ನಂಬುವ ವರದಿಗಾರನಿಗೇ ಅತಿ ಕಡಿಮೆ ಸ್ವಾತಂತ್ರ್ಯ. ನಿಮ್ಮ ಪ್ರಶ್ನೆಯ ಗಂಟು ಇರುವುದು ಇಲ್ಲಿ ಅಂತ ನನಗೆ ಅನ್ನಿಸುತ್ತದೆ. ಪ್ಯಾರಿಸ್ಸಿನ ಪಟ್ಟಿಯಲ್ಲೂ, ಆಕ್ಸ್‌ಫರ್ಡಿನ ಸಮೀಕ್ಷೆಯಲ್ಲೂ ಇದು ಕಾಣುವುದಿಲ್ಲ.

ಇದು ಇವತ್ತಿನ ಕಥೆಯೂ ಅಲ್ಲ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರ ಜುಲೈ 1ರಂದು ಹೊರಬಂತು. ಅದನ್ನು ನಡೆಸಿದ ಹೆರ್ಮನ್ ಮೋಗ್ಲಿಂಗ್ ಆಮೇಲೆ ಕೊಡಗಿಗೂ ಬಂದು ನೆಲೆಸಿದ್ದವರು. ಒಂದು ವರ್ಷ ಆಗುವುದರೊಳಗೆ ಪತ್ರಿಕೆ ಊರು ಬಿಟ್ಟು ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ ಆಯಿತು. ಪತ್ರಿಕೆ ನಡೆಸಿ ಬದುಕುವುದು ಮೊದಲ ದಿನದಿಂದಲೂ ಕಷ್ಟವೇ.

‘ಎಲ್ಲರೂ ಮಾರಿಕೊಂಡಿದ್ದಾರೆ’ ಅನ್ನುವ ಮಗನಿಗೆ ಒಂದು ಮಾತು ಹೇಳಿ. ಸಂವಿಧಾನದಲ್ಲಿ ಪತ್ರಿಕೆಗೆ ಅಂತ ಬೇರೆ ಸ್ವಾತಂತ್ರ್ಯ ಬರೆದಿಲ್ಲ. 19(1)(ಎ) ವಿಧಿ ಎಲ್ಲ ಪ್ರಜೆಗಳಿಗೂ ಕೊಟ್ಟದ್ದೇ ಪತ್ರಕರ್ತನಿಗೂ ಸಿಗುತ್ತದೆ, 19(2) ಹಾಕಿದ ಮಿತಿಯೂ ಇಬ್ಬರಿಗೂ ಅದೇ. ಪತ್ರಿಕೆ ಅಂದರೆ ಪ್ರಜೆಯ ಇನ್ನೊಂದು ಹೆಸರು ಅಷ್ಟೇ ಅನ್ನುವ ಅರ್ಥದಲ್ಲಿ ಅಂಬೇಡ್ಕರ್ ಸಂವಿಧಾನ ಸಭೆಯಲ್ಲಿ ವಿವರಿಸಿದ್ದರು. ನಿಮ್ಮ ಮಗ ಫೇಸ್‌ಬುಕ್‌ನಲ್ಲಿ ಸಿಟ್ಟು ತೋಡಿಕೊಂಡರೆ ಪೊಲೀಸರು ಐಟಿ ಕಾಯ್ದೆಯ 66ಎ ಹಾಕುವಂತಿಲ್ಲ. ಸುಪ್ರೀಂ ಕೋರ್ಟ್ 2015ರಲ್ಲಿ ಆ ಸೆಕ್ಷನ್ನನ್ನೇ ತೆಗೆದುಹಾಕಿತು. ಹಾಗಾಗಿ ನಮ್ಮೂರ ವರದಿಗಾರನ ಬಾಯಿ ಕಟ್ಟಿದರೆ ಕಟ್ಟಿದ್ದು ನಿಮ್ಮ ಮಗನ ಬಾಯಿಯನ್ನೂ ಹೌದು. ಎಲ್ಲರನ್ನೂ ಒಂದೇ ತಕ್ಕಡಿಗೆ ಹಾಕಿದರೆ ಖುಷಿಯಾಗುವುದು ಆ ಗೋಡೆ ಕಟ್ಟಿದವರಿಗೆ. ನಿಜ ಬರೆದವನನ್ನೂ ‘ಅವನೂ ಮಾರಿಕೊಂಡವನೇ’ ಅಂತ ಅವರು ಸುಲಭವಾಗಿ ಹೇಳಬಹುದು.

ಇನ್ನೊಂದು ಮಾತು. ಬೇಜಾರು ಮಾಡಿಕೊಳ್ಳಬೇಡಿ. ಈ ವಿಷಯದಲ್ಲಿ ನಿಮಗೂ ಒಂದು ಹಿತಾಸಕ್ತಿ ಇದೆ. ‘ಕೊಡಗು ಸೇಫ್, ಬನ್ನಿ’ ಅಂತ ಹೋಮ್‌ಸ್ಟೇ ಗುಂಪುಗಳಲ್ಲಿ ಓಡಾಡುವ ಮೆಸೇಜುಗಳನ್ನೂ ನಾನು ನೋಡಿದ್ದೇನೆ. ಎದುರಿಗೆ ಬರೆ ಕುಸಿದು ಒಂದೇ ಲೇನ್ ಉಳಿದಿದ್ದ ದಿನವೂ ಆ ಮೆಸೇಜ್ ಬಂದಿತ್ತು. 2018ರಲ್ಲಿ ಜೋಡುಪಾಲ, ಮಕ್ಕಂದೂರು, 2019ರಲ್ಲಿ ತೋರ, 2020ರಲ್ಲಿ ತಲಕಾವೇರಿಯ ಬೆಟ್ಟ. ನಮ್ಮಲ್ಲಿ ಕುಸಿದದ್ದು ಸುಳ್ಳಲ್ಲ. ಬೆಂಗಳೂರಿನವರು ಹೆದರಿದರೆ ಅವರ ತಪ್ಪೂ ಅಲ್ಲ.

ಅದಕ್ಕೆ ನಾನಾದರೆ ಏನು ಮಾಡುತ್ತಿದ್ದೆ ಅಂತ ಹೇಳಿಬಿಡುತ್ತೇನೆ. ಮಳೆಗಾಲ ಮುಗಿಯುವವರೆಗೆ ದಿನಾ ಬೆಳಿಗ್ಗೆ ಮಗನನ್ನು ಮಾದಾಪುರ ರಸ್ತೆಗೆ ಕಳಿಸಿ ಒಂದು ಫೋಟೊ ತೆಗೆಸಿ. ರಸ್ತೆ ಸರಿಯಿದ್ದರೆ ಸರಿಯಿದ್ದ ಹಾಗೆ, ಕೆಸರಿದ್ದರೆ ಕೆಸರಿದ್ದ ಹಾಗೆ. ಬುಕಿಂಗ್ ಮಾಡಿದವರಿಗೆ ಅದನ್ನೇ ಕಳಿಸಿ. ಫೋಟೊ ಇವತ್ತಿನದ್ದು ಅಂತ ನಂಬಿಸುವುದು ಹೇಗೆ ಅಂತ ಕೇಳಿದರೆ, ತಂದೆಯವರ ಹತ್ತಿರ ಆ ದಿನದ ಪೇಪರ್ ಇಸ್ಕೊಂಡು, ಮುಖಪುಟ ಕಾಣುವ ಹಾಗೆ ಕೈಯಲ್ಲಿ ಹಿಡಿದುಕೊಳ್ಳಲಿ. ಓದಿ ಮುಗಿಸುವವರೆಗೆ ಅವರು ಕೊಡಲ್ಲ ಅಂತೀರಾ? ಹಾಗಾದರೆ ಫೋಟೊ ಹತ್ತು ಗಂಟೆಯ ಮೇಲೆ ತೆಗೆಯಲಿ.